ಮನೆ ಕಾಫಿಗೆ ನಲ್ಲಿ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಡಿ ಯಾವ ಅಂಗಡಿಯದು, ಚಿಕೋರಿ ಎಷ್ಟು, ಹಾಲು ಎಮ್ಮೆಯದೋ ಹಸುವಿನದೋ ಅಂತ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ. ಡಿಕಾಕ್ಷನ್‌ನಲ್ಲಿ ಹೆಚ್ಚುಪಾಲು ಇರುವುದು ನೀರು. ಆ ನೀರಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಇಲ್ಲಿನ ಉತ್ತರಗಳು ಮುಖ್ಯವಾಗಿ ಬೆಂಗಳೂರಿನ ಮನೆಗಳಿಗೆ. ಬೇರೆ ಊರಿನವರಿಗೆ ಬೇಕಾದ್ದು ಕೆಳಗಡೆ ಇದೆ.

ಅದೇ ಪುಡಿ, ಅದೇ ಫಿಲ್ಟರ್. ಮನೆ ಬದಲಾಯಿಸಿದ ಮೇಲೆ ಕಾಫಿ ರುಚಿ ಯಾಕೆ ಕೆಟ್ಟಿತು?

ಹಾಲು, ಪುಡಿ ಎರಡೂ ಬದಲಾಗಿಲ್ಲ ಅಂದರೆ ಮೊದಲು ನೀರನ್ನು ನೋಡಿ. ಹಳೆ ಮನೆಯಲ್ಲಿ ಕಾವೇರಿ ನೀರು ಬರುತ್ತಿತ್ತು, ಹೊಸ ಮನೆಯಲ್ಲಿ ಬೋರ್ ನೀರು ಬರುತ್ತಿದೆ ಅಂತಿಟ್ಟುಕೊಳ್ಳಿ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಜಾಸ್ತಿ. ಕಾಫಿಗೆ ಜೀವ ಕೊಡುವ ಸಣ್ಣ ಹುಳಿಯನ್ನು ಬೈಕಾರ್ಬನೇಟ್ ಸಾಯಿಸಿಬಿಡುತ್ತದೆ. ಉಳಿಯುವುದು ಕಹಿ ಮತ್ತು ಸಪ್ಪೆತನ. ಆಗ ಜನ ಪುಡಿ ಜಾಸ್ತಿ ಹಾಕುತ್ತಾರೆ, ಕಹಿ ಇನ್ನೂ ಏರುತ್ತದೆ.

ಜಲಮಂಡಳಿ ಬಿಲ್ ಬರುತ್ತದೆ. ಅಂದಮೇಲೆ ನಮ್ಮದು ಕಾವೇರಿ ನೀರೇ ಅಲ್ವಾ?

ಮನೆಗೆ ಸಂಪರ್ಕ ಇದೆ ಅನ್ನುವುದಷ್ಟೇ ಬಿಲ್‌ನಿಂದ ಗೊತ್ತಾಗುತ್ತದೆ. ಅಡುಗೆಮನೆ ನಲ್ಲಿಯಲ್ಲಿ ಬರುವುದು ನಿಮ್ಮ ಸಂಪಿನಲ್ಲಿ ಇರುವ ನೀರು. ಈ ಪುಟದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಕಾವೇರಿ ನೀರು ಬರುವ ದಾರಿಯನ್ನು ನೋಡಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಅದನ್ನು ಶುದ್ಧ ಮಾಡುತ್ತಾರೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್‌ಗಳನ್ನು ದಾಟಿ, ಸುಮಾರು 500 ಮೀಟರ್ ಮೇಲಕ್ಕೆ ಹತ್ತಿಸಿ ಊರಿಗೆ ತರುತ್ತಾರೆ. ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ಐದನೇ ಹಂತ ಶುರುವಾದದ್ದು 2024ರ ಅಕ್ಟೋಬರ್‌ನಲ್ಲಿ. ಅದು ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ್ದು. ಇಷ್ಟು ಕಷ್ಟಪಟ್ಟು ಬಂದ ಒಳ್ಳೆಯ ನೀರು ಕೊನೆಗೆ ನಮ್ಮ ಗೇಟಿನ ಒಳಗೆ ಸಂಪಿಗೆ ಬಿದ್ದು, ಬೋರ್ ನೀರಿನ ಜೊತೆ ಬೆರೆಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಅದೇ ಸಂಪಿಗೆ. ಕಾವೇರಿ ಬಿಟ್ಟ ದಿನ ಒಂದು ರುಚಿ, ಎರಡು ದಿನ ಬಿಟ್ಟು ಇನ್ನೊಂದು ರುಚಿ ಬರುವುದು ಇದಕ್ಕೇ.

ಅಪಾರ್ಟ್‌ಮೆಂಟ್ ಆದರೆ ಮೋಟರ್ ಹಾಕುವವರನ್ನು ಕೇಳಿ. ಎರಡೂ ನೀರು ಒಂದೇ ಸಂಪಿಗೆ ಹೋಗುತ್ತದಾ, ಬೇರೆ ಬೇರೆನಾ ಅಂತ ಅವರಿಗೆ ಸರಿಯಾಗಿ ಗೊತ್ತಿರುತ್ತದೆ. ಬಿಡಿ ಮನೆಯಾದರೆ ಮೀಟರ್ ಹತ್ತಿರ, ನೆಲಕ್ಕೆ ತಾಗಿದಂತೆ ಒಂದು ನಲ್ಲಿ ಇದೆಯಾ ನೋಡಿ. ಹಳೆ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಅದು ಇರುತ್ತದೆ. ಸಂಪಿಗೆ ಹೋಗುವ ಮೊದಲೇ ಕಾವೇರಿ ನೀರು ಅದರಲ್ಲಿ ನೇರವಾಗಿ ಬರುತ್ತದೆ. ನೀರು ಬಿಟ್ಟಾಗ ಒಂದು ಬಿಂದಿಗೆ ಹಿಡಿದಿಟ್ಟುಕೊಂಡರೆ ಕಾಫಿಯ ಸಮಸ್ಯೆ ಅಲ್ಲಿಗೇ ಮುಗಿಯಬಹುದು. ಮನೆಮಂದಿಗೆಲ್ಲ ಸೇರಿ ಕಾಫಿಗೆ ಬೇಕಾಗುವುದು ದಿನಕ್ಕೆ ಒಂದೆರಡು ಲೀಟರ್ ಅಷ್ಟೇ.

ಟಿಡಿಎಸ್ ಅಂದರೆ ಏನು? ಎಷ್ಟಿದ್ದರೆ ಒಳ್ಳೆಯದು?

ಒಂದು ಲೀಟರ್ ನೀರಿನಲ್ಲಿ ಕರಗಿರುವ ಲವಣ ಎಲ್ಲಾ ಸೇರಿ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ ಅದು. ಪೆನ್ನಿನ ಥರದ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ ಅದು ಅಂದಾಜು ಹೇಳುತ್ತದೆ.

ಕುಡಿಯುವ ನೀರಿಗೆ ಭಾರತದ ಮಾನಕ ಐಎಸ್ 10500. ಅದರಲ್ಲಿ ಟಿಡಿಎಸ್ 500ರ ಒಳಗೆ ಇರಬೇಕು, ಬೇರೆ ನೀರೇ ಸಿಗದಿದ್ದರೆ 2000ದವರೆಗೆ ನಡೆಯುತ್ತದೆ. ಕಾಫಿಗೆ ಅಷ್ಟು ಸಡಿಲ ಬಿಡಲು ಆಗುವುದಿಲ್ಲ. ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್ ಅನ್ನುವ ಅಂತರರಾಷ್ಟ್ರೀಯ ಕಾಫಿ ಸಂಘ ಕೊಟ್ಟ ಹಳೆಯ ಗುರಿ 150ರ ಆಸುಪಾಸು, 75ರಿಂದ 250ರ ಒಳಗೆ. ಕಾವೇರಿ ನೀರು ಸಾಮಾನ್ಯವಾಗಿ ಇದರ ಹತ್ತಿರವೇ ಇರುತ್ತದೆ. ಬೋರ್ ನೀರು ಬಹಳ ಕಡೆ 500 ದಾಟುತ್ತದೆ, 1000 ದಾಟುವುದೂ ಅಪರೂಪವಲ್ಲ.

ಆದರೆ ಟಿಡಿಎಸ್ ಒಂದನ್ನೇ ನಂಬಿ ಕೂರಬೇಡಿ. 300 ಅಂತ ತೋರಿಸಿದ ನೀರಿನಲ್ಲಿ ಇರುವುದು ಬರೀ ಅಡುಗೆ ಉಪ್ಪೋ, ಸುಣ್ಣದ ಅಂಶವೋ ಮೀಟರ್‌ಗೆ ಗೊತ್ತಾಗುವುದಿಲ್ಲ. ಕಾಫಿಗೆ ಇವೆರಡೂ ಪೂರ್ತಿ ಬೇರೆ ಬೇರೆ. ರೋಗಾಣು, ಕ್ಲೋರಿನ್, ಕೀಟನಾಶಕ ಇದೆಯಾ ಅಂತಲೂ ಮೀಟರ್ ಹೇಳುವುದಿಲ್ಲ. ಚರಂಡಿ ನೀರು ಸ್ವಲ್ಪ ಸೇರಿದ ಕಾವೇರಿ ನೀರೂ 250 ಅಂತ ಚೆನ್ನಾಗಿಯೇ ತೋರಿಸಬಹುದು.

ಹಾಗಾದರೆ ಏನನ್ನು ನೋಡಬೇಕು?

ಗಡಸುತನ ಮತ್ತು ಆಲ್ಕಲಿನಿಟಿ. ಈ ಎರಡು ಅಂಕಿ ಗೊತ್ತಾದರೆ ಕಾಫಿ ಯಾಕೆ ಹೀಗಿದೆ ಅಂತ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಗಡಸುತನ ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಇವು ಸ್ವಲ್ಪ ಇರಲೇಬೇಕು. ಪುಡಿಯಲ್ಲಿರುವ ರುಚಿಯ ಅಂಶಗಳನ್ನು ಹಿಡಿದು ನೀರಿಗೆ ಎಳೆಯುವುದರಲ್ಲಿ ಇವುಗಳ ಪಾತ್ರ ಇದೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಲ್ಲಿ, ಮೆಗ್ನೀಸಿಯಂ ಈ ಕೆಲಸಕ್ಕೆ ವಿಶೇಷವಾಗಿ ಒದಗುತ್ತದೆ ಅಂತ ತೋರಿಸಿದ್ದರು.

ಆಲ್ಕಲಿನಿಟಿ ಅಂದರೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ. ನಮ್ಮ ನೀರಿನಲ್ಲಿ ಇದು ಬರುವುದು ಮುಖ್ಯವಾಗಿ ಬೈಕಾರ್ಬನೇಟ್‌ನಿಂದ. ಕಾಫಿಗೆ ಲೀಟರಿಗೆ 40 ಮಿಲಿಗ್ರಾಂ ಆಸುಪಾಸು ಇದ್ದರೆ ಸಾಕು. ಕುಡಿಯುವ ನೀರಿನ ಮಾನಕದಲ್ಲಿ 200ರವರೆಗೆ ಒಳ್ಳೆಯದು, 600ರವರೆಗೆ ಒಪ್ಪಬಹುದು ಅಂತಿದೆ. ಗಡಸುತನಕ್ಕೂ ಅವೇ 200, 600. ಅಂದರೆ ಕುಡಿಯಲು ಏನೂ ತೊಂದರೆ ಇಲ್ಲದ ನೀರು ಕಾಫಿಯನ್ನು ಪೂರ್ತಿ ಹಾಳು ಮಾಡಬಹುದು. ಉಲ್ಟಾನೂ ನಿಜ. ಕಾಫಿಗೆ ರುಚಿಯಾದ ನೀರೆಲ್ಲ ಕುಡಿಯಲು ಸುರಕ್ಷಿತ ಅಂತ ಅಂದುಕೊಳ್ಳಬೇಡಿ. ರುಚಿಯ ಪ್ರಶ್ನೆ ಬೇರೆ, ಆರೋಗ್ಯದ ಪ್ರಶ್ನೆ ಬೇರೆ. ಆರೋಗ್ಯದ್ದು ಯಾವಾಗಲೂ ಮೊದಲು.

ನೀರು ಹುಳಿಯ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಅಂತ ಹೇಳುವ ಪಿಎಚ್ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. 6.5ರಿಂದ 7.5ರ ಒಳಗೆ ಇದ್ದರೆ ಅದನ್ನು ಮರೆತುಬಿಡಿ.

ಲ್ಯಾಬ್‌ಗೆ ಹೋಗದೆ ಮನೆಯಲ್ಲೇ ತಿಳಿಯಬಹುದಾ?

ಅಡುಗೆಮನೆ ಆಗಲೇ ಹೇಳುತ್ತಿರುತ್ತದೆ. ತೊಗರಿಬೇಳೆ ಎಷ್ಟು ಹೊತ್ತಾದರೂ ಕರಗುವುದಿಲ್ಲ, ಸೋಪು ನೊರೆ ಬರುವುದಿಲ್ಲ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ನಲ್ಲಿಯ ಬಾಯಲ್ಲಿ ಸುಣ್ಣದ ಥರ ಗಟ್ಟಿಯಾಗಿದೆ. ಇವೆಲ್ಲ ಗಡಸು ನೀರಿನ ಗುರುತು.

ಅಂಕಿ ಬೇಕು ಅಂದರೆ ಹನಿ ಹಾಕಿ ನೋಡುವ ಕಿಟ್ ಸಿಗುತ್ತದೆ. ನೀರಿಗೆ ಬಣ್ಣದ ದ್ರಾವಣ ಹಾಕಿ, ಇನ್ನೊಂದು ಸೀಸೆಯಿಂದ ಒಂದೊಂದೇ ಹನಿ ಬಿಡುತ್ತಾ ಹೋಗುವುದು. ಬಣ್ಣ ತಿರುಗುವ ತನಕ ಎಷ್ಟು ಹನಿ ಬಿದ್ದವು ಅನ್ನುವುದೇ ಲೆಕ್ಕ. ಅಕ್ವೇರಿಯಂ ಅಂಗಡಿಯಲ್ಲಿ ಮೀನು ಸಾಕುವವರಿಗೆ ಮಾರುವ ಜಿಎಚ್, ಕೆಎಚ್ ಕಿಟ್ ಕೂಡ ಆಗುತ್ತದೆ. ಜಿಎಚ್ ಅಂದರೆ ಗಡಸುತನ, ಕೆಎಚ್ ಅಂದರೆ ಆಲ್ಕಲಿನಿಟಿ. ಅದರಲ್ಲಿ ಒಂದು ಡಿಗ್ರಿ ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. ಕೆಎಚ್ 2 ಅಥವಾ 3 ಬಂದರೆ ಕಾಫಿಗೆ ಬಹಳ ಚೆನ್ನ. 15 ಬಂದರೆ ಬೇರೆ ದಾರಿ ಹುಡುಕಿ.

ಲ್ಯಾಬ್ ಪರೀಕ್ಷೆ ಯಾವಾಗ ಬೇಕೇ ಬೇಕು?

ಬೋರ್ ನೀರನ್ನು ಆರ್‌ಒ ಇಲ್ಲದೆ ಕುಡಿಯುವುದಾದರೆ ಖಂಡಿತ ಬೇಕು. ಬಾವಿ ನೀರಿಗೂ ಹಾಗೇ. ಮುಖ್ಯವಾಗಿ ಮೂರನ್ನು ಕೇಳಿ ಮಾಡಿಸಿ: ಕೋಲಿಫಾರಂ ಬ್ಯಾಕ್ಟೀರಿಯಾ, ನೈಟ್ರೇಟ್, ಫ್ಲೋರೈಡ್. ಕೊಳಚೆ ಇಂಗಿದ ಕಡೆ ನೈಟ್ರೇಟ್ ಏರುತ್ತದೆ. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದಕ್ಕೆ ಯಾವ ವಿನಾಯಿತಿಯೂ ಇಲ್ಲ. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, 1.5 ದಾಟಲೇಬಾರದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಜಾಸ್ತಿಯಾಗುತ್ತದೆ. "ಕಾಫಿಗೆ ತಾನೇ, ಹೇಗೂ ಕುದಿಸ್ತೀವಲ್ಲ" ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಹಳ್ಳಿಗಳಲ್ಲಿ ಜಲಜೀವನ ಮಿಷನ್ ಅಡಿ ಪಂಚಾಯಿತಿಗೆ ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಊರಿನ ಹೆಣ್ಣುಮಕ್ಕಳಿಗೆ ತರಬೇತಿಯನ್ನೂ ಕೊಟ್ಟಿದ್ದಾರೆ. ಪಂಚಾಯಿತಿಯಲ್ಲಿ ಅಥವಾ ನೀರುಗಂಟಿಯನ್ನು ಕೇಳಿ. ನಗರದಲ್ಲಾದರೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್ ಹುಡುಕಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರೇ ಕೊಡುವ ಬಾಟಲಿಯಲ್ಲೇ ನೀರು ಹಿಡಿಯಬೇಕು. ಮನೆಯ ಬಾಟಲಿ ತೊಳೆದು ಕೊಟ್ಟರೆ ಆಗುವುದಿಲ್ಲ.

ನೀರು ಕ್ಲೋರಿನ್ ವಾಸನೆ ಬರುತ್ತದೆ. ಕಾಫಿಗೂ ಅದೇ ವಾಸನೆ.

ಕ್ಲೋರಿನ್ ಇರುವುದು ಒಳ್ಳೆಯದಕ್ಕೇ. ಕೊಳವೆಯಲ್ಲಿ ಬರುವಾಗ ರೋಗಾಣು ಸೇರದಂತೆ ಅದು ಕಾಯುತ್ತದೆ. ನಲ್ಲಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು ಅನ್ನುವುದೇ ನಿಯಮ. ಅಡುಗೆಮನೆಗೆ ಬಂದ ಮೇಲೆ ಮಾತ್ರ ಅದನ್ನು ಕಳೆಯಬೇಕು. ಅಗಲ ಬಾಯಿಯ ಪಾತ್ರೆಯಲ್ಲಿ ತೆಳು ಬಟ್ಟೆ ಮುಚ್ಚಿ ರಾತ್ರಿಯಿಡೀ ಇಡಿ. ಅಥವಾ ಮುಚ್ಚಳ ತೆಗೆದು ಕೆಲವು ನಿಮಿಷ ಕುದಿಸಿ. ಕಾರ್ಬನ್ ಇರುವ ಫಿಲ್ಟರ್ ಇದ್ದರೆ ಇದೆರಡೂ ಬೇಡ.

ಮನೆಯಲ್ಲಿ ಆರ್‌ಒ ಇದೆ. ಆ ನೀರೇ ಹಾಕಬಹುದಲ್ವಾ?

ಹಾಕಬಹುದು, ಆರೋಗ್ಯಕ್ಕೆ ತೊಂದರೆ ಇಲ್ಲ. ರುಚಿಯ ಲೆಕ್ಕದಲ್ಲಿ ಅದು ಅರ್ಧ ದಾರಿ ಅಷ್ಟೇ. ಆರ್‌ಒ ನೀರಿನ ಟಿಡಿಎಸ್ 20–30ಕ್ಕೆ ಇಳಿದುಬಿಟ್ಟಿದ್ದರೆ, ಗಡಸುತನವೂ ಇಲ್ಲ, ಆಲ್ಕಲಿನಿಟಿಯೂ ಇಲ್ಲ. ಹಗುರ ಹುರಿದ ಅರೇಬಿಕಾ ಹಾಕಿದರೆ ಬರೀ ಹುಳಿ ಚುಚ್ಚುತ್ತದೆ. ಚಿಕೋರಿ ಬೆರೆಸಿದ, ಕಪ್ಪಗೆ ಹುರಿದ ನಮ್ಮ ಮಾಮೂಲಿ ಪುಡಿಯಲ್ಲಿ ಹುಳಿ ಕಮ್ಮಿ, ಹಾಗಾಗಿ ಅಷ್ಟು ಗೊತ್ತಾಗುವುದಿಲ್ಲ. ಆದರೂ ಡಿಕಾಕ್ಷನ್ ತೆಳು ಅನಿಸುತ್ತದೆ.

ಯಂತ್ರದಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಸಣ್ಣ ತಿರುಪು ಇರುತ್ತದೆ. ಯಂತ್ರದೊಳಗೆ ಲವಣ ಸೋಸುವ ಪೊರೆಯ ಮೂಲಕ ಹೋಗದ ನೀರನ್ನು ಸ್ವಲ್ಪ ಬೆರೆಸುವುದು ಅದರ ಕೆಲಸ. ಸರ್ವಿಸ್‌ಗೆ ಬಂದವರಿಗೆ ಹೇಳಿ 100ರಿಂದ 150ಕ್ಕೆ ಕೂರಿಸಿಕೊಳ್ಳಿ. ಆದರೆ ಹೀಗೆ ಬೆರೆಯುವ ನೀರಿನ ಜೊತೆ ಅದರಲ್ಲಿರುವ ಫ್ಲೋರೈಡ್, ನೈಟ್ರೇಟ್ ಕೂಡ ಬರುತ್ತದೆ. ಅದಕ್ಕೇ ಮೂಲ ನೀರಿನ ಪರೀಕ್ಷೆ ಆಗಿರಬೇಕು ಅನ್ನುವುದು.

ಕೈಯಲ್ಲೇ ಬೆರೆಸುವುದೂ ಸುಲಭ. ನಲ್ಲಿ ನೀರಿನ ಗಡಸುತನ 400, ಆರ್‌ಒ ನೀರಿನದು 10 ಅಂತಿಟ್ಟುಕೊಳ್ಳಿ. ಒಂದು ಪಾಲು ನಲ್ಲಿ ನೀರಿಗೆ ನಾಲ್ಕು ಪಾಲು ಆರ್‌ಒ ನೀರು ಸೇರಿಸಿದರೆ 88 ಬರುತ್ತದೆ. ಫಿಲ್ಟರ್ ಕಾಫಿಗೆ ಇದು ಬಹಳ ಹಿತವಾದ ಜಾಗ. ಬೆರೆಸಿದ ನೀರನ್ನು ಚೆನ್ನಾಗಿ ಕುದಿಸಿಯೇ ಬಳಸಿ.

ಆರ್‌ಒ ನೀರಿಗೆ ಲವಣವನ್ನೇ ಸೇರಿಸಬಹುದು ಅಂತಾರೆ. ಹೇಗೆ?

5 ಲೀಟರ್ ಆರ್‌ಒ ನೀರಿಗೆ 1 ಗ್ರಾಂ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್), ಮೂರನೇ ಒಂದು ಗ್ರಾಂನಷ್ಟು ಅಡುಗೆ ಸೋಡಾ. ಗಡಸುತನ ಸುಮಾರು 80, ಆಲ್ಕಲಿನಿಟಿ ಸುಮಾರು 40 ಬರುತ್ತದೆ. ಚಮಚದ ಲೆಕ್ಕ ಬೇಡ, ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಎಪ್ಸಮ್ ಉಪ್ಪು ಆಹಾರಕ್ಕೆ ಅಥವಾ ಔಷಧಕ್ಕೆ ಬಳಸುವ ದರ್ಜೆಯದೇ ಆಗಿರಬೇಕು. ಗೊಬ್ಬರದ ಅಂಗಡಿಯಲ್ಲಿ ಮೆಗ್ನೀಸಿಯಂ ಸಲ್ಫೇಟ್ ಅಂತ ಸಿಗುವುದು ಗಿಡಕ್ಕೆ ಮಾತ್ರ. ಪೋರ್ ಓವರ್, ಅಂದರೆ ಪುಡಿಯ ಮೇಲೆ ನಿಧಾನವಾಗಿ ಬಿಸಿ ನೀರು ಸುರಿದು ಇಳಿಸುವ ಕಾಫಿ ಮಾಡುವವರಿಗೆ ಈ ಶ್ರಮ ಸಾರ್ಥಕ. ಹಾಲು ಹಾಕಿ ಕುಡಿಯುವವರಿಗೆ ಮೇಲೆ ಹೇಳಿದ ಬೆರಕೆ ನೀರೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಆರ್‌ಒ ಇಲ್ಲ, ಬೋರ್ ನೀರೇ ಗತಿ. ಏನಾದರೂ ಮಾಡಬಹುದಾ?

ಪರೀಕ್ಷೆಯಲ್ಲಿ ಪಾಸಾದ ನೀರಾದರೆ ಒಂದು ಒಳ್ಳೆಯ ಉಪಾಯ ಇದೆ. ರಾತ್ರಿ ಐದಾರು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿ, ಅಲ್ಲಾಡಿಸದೆ ಇಡಿ. ಕುದಿಯುವಾಗ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು ಸುಣ್ಣದ ಪುಡಿಯಾಗಿ ತಳಕ್ಕೆ ಕೂರುತ್ತದೆ. ಬೆಳಿಗ್ಗೆ ಮೇಲಿನ ತಿಳಿ ನೀರನ್ನು ಮಾತ್ರ ಬಸಿದು ಕಾಫಿಗೆ ಕಾಯಿಸಿ, ತಳದ್ದನ್ನು ಗಿಡಕ್ಕೆ ಹಾಕಿ. ಗಡಸುತನ, ಆಲ್ಕಲಿನಿಟಿ ಎರಡೂ ಒಟ್ಟಿಗೆ ಇಳಿಯುತ್ತವೆ. ಆದರೆ ಸಲ್ಫೇಟ್, ಕ್ಲೋರೈಡ್‌ನಿಂದ ಬಂದ ಗಡಸುತನ ಹೀಗೆ ಹೋಗುವುದಿಲ್ಲ. ಉಪ್ಪಿನ ರುಚಿ ಇರುವ ಸವಳು ನೀರಿಗೆ ಈ ಉಪಾಯ ಹತ್ತುವುದಿಲ್ಲ.

ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕ ಊರಲ್ಲಿದ್ದರೆ, ಆ ನೀರೂ ಸಾಮಾನ್ಯವಾಗಿ ಆರ್‌ಒ ನೀರೇ. ಅದನ್ನು ಬೆರೆಸಿಕೊಳ್ಳಬಹುದು. ಕ್ಯಾನ್ ನೀರಿಗೂ ಅದೇ ಲೆಕ್ಕ.

ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಹಾಕಿಸಿದ ಮೇಲೆ ಡಿಕಾಕ್ಷನ್ ಇಳಿಯುವುದೇ ಇಲ್ಲ!

ಇದು ನಿಮ್ಮ ಭ್ರಮೆ ಅಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಬೈಕಾರ್ಬನೇಟ್ ಹಾಗೇ ಉಳಿಯುತ್ತದೆ. ಅಂದರೆ ಫಿಲ್ಟರ್‌ಗೆ ಹೋಗುವುದು ತೆಳುವಾದ ಸೋಡಾ ನೀರು. ಅದರಲ್ಲಿ ಪುಡಿ ಉಬ್ಬಿ, ಲೋಳೆಯಾಗಿ, ದಾರಿ ಕಟ್ಟಿಕೊಳ್ಳುತ್ತದೆ. ಚಿಕೋರಿ ಜಾಸ್ತಿ ಇದ್ದರೆ, ಪುಡಿ ನುಣ್ಣಗಿದ್ದರೆ ಇನ್ನೂ ನಿಧಾನ. ರುಚಿಯೂ ಮಂಕು. ಬಟ್ಟೆ ಒಗೆಯಲು, ಗೀಸರ್‌ಗೆ ಸಾಫ್ಟ್‌ನರ್ ನೀರು ಚೆನ್ನ. ಕಾಫಿಗೆ ಅದನ್ನು ಬಳಸಲೇಬೇಡಿ. ಟಿಡಿಎಸ್ ಮೀಟರ್‌ನಲ್ಲಿ ನೋಡಿದರೆ ಮೊದಲಿನಷ್ಟೇ ತೋರಿಸುತ್ತದೆ, ಯಾಕೆಂದರೆ ಲವಣ ಕಮ್ಮಿಯಾಗಿಲ್ಲ, ಬದಲಾಗಿದೆ ಅಷ್ಟೇ.

ಮಳೆ ನೀರು?

ಬಹಳ ಮೃದುವಾದ ನೀರು, ಹೆಚ್ಚುಕಮ್ಮಿ ಆರ್‌ಒ ನೀರಿನ ಹಾಗೆ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ತೊಳೆದ ತಾರಸಿಯಿಂದ ಹಿಡಿದು, ಶೋಧಿಸಿ ಕುದಿಸಿದ್ದಾದರೆ ಬೋರ್ ನೀರಿಗೆ ಬೆರೆಸಲು ಒಳ್ಳೆಯ ಜೋಡಿ. ಪಾರಿವಾಳ ಕೂರುವ ತಾರಸಿಯಾದರೆ ಬೇಡ.

ನಮ್ಮದು ಮಂಗಳೂರು, ಹುಬ್ಬಳ್ಳಿ, ಮೈಸೂರು. ನಮಗೇನು?

ಮೈಸೂರಿಗೆ ಕಾವೇರಿ, ಕಬಿನಿ ನೀರು. ಬೆಂಗಳೂರಿನ ಕಾವೇರಿಗೆ ಹೇಳಿದ್ದೇ ಅಲ್ಲಿಗೂ ಹೊಂದುತ್ತದೆ. ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದ ನೇತ್ರಾವತಿ ನೀರು ಬರುತ್ತದೆ. ಕರಾವಳಿಯ ಮುರಕಲ್ಲು ನೆಲದ ಬಾವಿ ನೀರು ಸಾಮಾನ್ಯವಾಗಿ ಮೃದು, ಸ್ವಲ್ಪ ಹುಳಿಯ ಕಡೆಗೆ. ಅಲ್ಲಿ ಕಾಫಿ ಚುರುಕಾಗಿ ಬರುತ್ತದೆ, ತೀರಾ ಹುಳಿ ಅನಿಸಿದರೆ ಸ್ವಲ್ಪ ಕಪ್ಪಗೆ ಹುರಿದ ಪುಡಿ ತೆಗೆದುಕೊಳ್ಳಿ. ಸಮುದ್ರದ ಹತ್ತಿರದ ಬಾವಿಗೆ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪು ಸೇರಬಹುದು. ಹುಬ್ಬಳ್ಳಿ–ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿಯ ರೇಣುಕಾಸಾಗರದಿಂದ ಬರುತ್ತದೆ. ಅಲ್ಲೂ ನದಿ ನೀರನ್ನು ಬೋರ್ ನೀರಿಗೆ ಬೆರೆಸದೆ ಕಾಫಿಗೆ ಬೇರೆ ಇಟ್ಟುಕೊಳ್ಳುವುದೇ ಒಳ್ಳೆಯದು.

ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಕುಡಿದ ಕಾಫಿ ಯಾಕೆ ಅಷ್ಟು ಚೆನ್ನಾಗಿತ್ತು ಅಂತ ಕೇಳುವವರಿಗೂ ಉತ್ತರದ ಒಂದು ಭಾಗ ಇಲ್ಲೇ ಇದೆ. ಹೊಸದಾಗಿ ಹುರಿದ ಬೀಜದ ಜೊತೆ ಬೆಟ್ಟದ ಮೃದು ನೀರೂ ಅಲ್ಲಿದೆ.

ಮಗಳು ಲಂಡನ್‌ನಲ್ಲಿದ್ದಾಳೆ. ಇಲ್ಲಿಂದಲೇ ಪುಡಿ ಕಳಿಸಿದರೂ ಆ ರುಚಿ ಬರಲ್ಲ ಅಂತಾಳೆ.

ಲಂಡನ್ ನೀರು ತುಂಬಾ ಗಡಸು, ಸುಣ್ಣಕಲ್ಲಿನ ನೆಲದ ನೀರು ಅದು. ನಮ್ಮ ಬೋರ್ ನೀರಿನ ಕಥೆಯೇ. ಅಲ್ಲಿನ ನೀರಿನ ಕಂಪನಿಗಳ ಜಾಲತಾಣದಲ್ಲಿ ಪಿನ್‌ಕೋಡ್ ಹಾಕಿದರೆ ಗಡಸುತನದ ಅಂಕಿ ಸಿಗುತ್ತದೆ, ಮೊದಲು ಅದನ್ನು ನೋಡಲು ಹೇಳಿ. ಜಗ್ ಫಿಲ್ಟರ್ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗ್ಲಾಸ್ಗೋದಲ್ಲಿ ಇದ್ದಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ, ಅಲ್ಲಿಗೆ ಬರುವುದು ಮೃದುವಾದ ಸರೋವರದ ನೀರು. ಅಮೆರಿಕದ ಹಲವು ನಗರಗಳಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ ಹಾಕುತ್ತಾರೆ. ಅದು ರಾತ್ರಿಯಿಡೀ ಇಟ್ಟರೂ ಹೋಗುವುದಿಲ್ಲ, ಕಾರ್ಬನ್ ಫಿಲ್ಟರ್ ಬೇಕು.

ಚಹಾದ ಮೇಲೆ ಎಣ್ಣೆ ಥರ ಪೊರೆ ಬರುತ್ತದೆ. ಅದೂ ನೀರಿನಿಂದಲೇ?

ಹೌದು. ನೀರಿನ ಕ್ಯಾಲ್ಸಿಯಂ, ಬೈಕಾರ್ಬನೇಟ್ ಮತ್ತು ಚಹಾದ ಒಗರು ಗಾಳಿಗೆ ಸೇರಿ ಆಗುವ ಪೊರೆ ಅದು. ಕಪ್ಪು ಚಹಾಕ್ಕೆ ನಾಲ್ಕು ಹನಿ ನಿಂಬೆ ಹಿಂಡಿದರೆ ಕರಗುತ್ತದೆ. ಚಹಾ ನೀಲಿಗಪ್ಪಾಗಿ ಕಂಡರೆ ನೀರಿನಲ್ಲಿ ಕಬ್ಬಿಣ ಇರಬಹುದು, ಅದನ್ನು ಪರೀಕ್ಷೆ ಮಾಡಿಸಿ.

ನೀರು ಎಷ್ಟು ಬಿಸಿ ಇರಬೇಕು?

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿ ಬಂದು ಅರ್ಧ ನಿಮಿಷ ಬಿಟ್ಟು ಹಾಕಿದರೆ ಸರಿ. ಮಂಗಳೂರಿನವರು ಇನ್ನೊಂಚೂರು ಕಾಯಿರಿ.

ಫಿಲ್ಟರ್‌ನ ತೂತು ಮುಚ್ಚಿಕೊಂಡಿದೆ.

ಸ್ಟೀಲ್ ಫಿಲ್ಟರ್ ಆದರೆ ಬಿಸಿ ನೀರಿಗೆ ಒಂದು ಚಮಚ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ. ಸುಣ್ಣದ ಪೊರೆ ಬಿಡುತ್ತದೆ. ಬೆಳಕಿಗೆ ಹಿಡಿದು ನೋಡಿ, ಎಲ್ಲಾ ತೂತೂ ಕಾಣಬೇಕು. ಹಿತ್ತಾಳೆ ಫಿಲ್ಟರನ್ನು ಹುಳಿಯಲ್ಲಿ ನೆನೆಹಾಕಬೇಡಿ, ಬೇಗ ಉಜ್ಜಿ ತೊಳೆದುಬಿಡಿ.

ಎಷ್ಟು ದಿನಕ್ಕೊಮ್ಮೆ ನೀರನ್ನು ನೋಡಬೇಕು?

ಟಿಡಿಎಸ್ ಅನ್ನು ಕಾವೇರಿ ಬಿಟ್ಟ ದಿನ ಒಮ್ಮೆ, ಬಿಡದ ದಿನ ಒಮ್ಮೆ ನೋಡಿ. ಸಂಪಿನಲ್ಲಿ ಏನು ನಡೆಯುತ್ತಿದೆ ಅಂತ ಒಂದು ವಾರದಲ್ಲಿ ಗೊತ್ತಾಗುತ್ತದೆ. ಗಡಸುತನ, ಆಲ್ಕಲಿನಿಟಿಯನ್ನು ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ. ಬೋರ್ ನೀರು ಕುಡಿಯುವ ಮನೆಯವರು ವರ್ಷಕ್ಕೊಮ್ಮೆಯಾದರೂ ಲ್ಯಾಬ್‌ಗೆ ಕೊಡಿ. ಹೊಸ ಬೋರ್ ಕೊರೆಸಿದರೆ, ಟ್ಯಾಂಕರ್‌ನವರು ಬದಲಾದರೆ, ನೀರಿನ ಬಣ್ಣವೋ ವಾಸನೆಯೋ ದಿಢೀರ್ ಬದಲಾದರೆ ವರ್ಷ ಕಾಯಬೇಡಿ. ಆವತ್ತು ಆ ನೀರಿನಲ್ಲಿ ಕಾಫಿ ಮಾಡುವುದೂ ಬೇಡ.